ಜಾಲದ ಬರವಣಿಗೆಗೆ ಕನ್ನಡದ ಕೀಲಿಗಳು

ಬರೆಯುವ ಸಾಧನವು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಬರೆಯಬೇಕೆಂಬ ಮನುಷ್ಯನ ಬಯಕೆ ಮಾತ್ರ ಬದಲಾಗಿಲ್ಲ. ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ಸೋಮನಾಥಪುರದಲ್ಲಿ ೧೩ನೆಯ ಶತಮಾನದ ಕೇಶವಾಲಯವನ್ನು ನೋಡಿದವರು, ಅಲ್ಲಿಯ ವಿಗ್ರಹಗಳ ಅಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಕನ್ನಡದ ಅಕ್ಷರಗಳಲ್ಲಿ ಕೊರೆದಿರುವುದನ್ನು ಕಂಡಿರಬಹುದು. ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ಅಲ್ಲಿ ಮತ್ತೆ ಮತ್ತೆ ದೊರೆಯುತ್ತದೆ. ಉಳಿಯ ಕಾಲ ಕಳೆದು ತಾಳೆಗರಿಯ ಮೇಲೆ ಕಬ್ಬಿಣದ ಕಂಟ ನಡೆಯಿತು. ಅದರ ತರುವಾಯ ಲೆಕ್ಕಣಿಕೆ, ಅದರ ತರುವಾಯ ಬೆರಳಚ್ಚಿನ ಯಂತ್ರ. ಇವೆಲ್ಲವುಗಳಲ್ಲಿಯೂ ಅಕ್ಷರವು ಯಜಮಾನ, ಸಾಧನವು ಆಳು. ನಮ್ಮ ಕಾಲದಲ್ಲಿ ಮಾತ್ರ ಈ ಕ್ರಮವು ತಲೆಕೆಳಗಾಯಿತು. ಗಣಕಯಂತ್ರದ ಕೀಲಿಮಣೆಯು ಬೇರೊಂದು ಭಾಷೆಯ ಅಕ್ಷರಗಳನ್ನು ಮೈಮೇಲೆ ಹೊತ್ತುಕೊಂಡೇ ನಮ್ಮ ಮನೆಗೆ ಬಂದಿತು. ಕನ್ನಡದ ಅಕ್ಷರವು ಅಲ್ಲಿ ಒಂದಿಷ್ಟು ಜಾಗವನ್ನು ಬೇಡಿ ನಿಲ್ಲಬೇಕಾಯಿತು.

ಇದರ ಫಲವನ್ನು ನಾವು ದಿನವೂ ಕಾಣುತ್ತಿದ್ದೇವೆ. ವಿದ್ಯಾವಂತರಾದ ಮಕ್ಕಳು ತಂದೆತಾಯಿಗಳಿಗೆ ಕನ್ನಡದ ಮಾತನ್ನೇ ಇಂಗ್ಲಿಷಿನ ಅಕ್ಷರಗಳಲ್ಲಿ ಬರೆದು ಕಳುಹಿಸುತ್ತಾರೆ. ಆ ಅಕ್ಷರಗಳಲ್ಲಿ ಲಕಾರಕ್ಕೂ ಳಕಾರಕ್ಕೂ ಭೇದವಿಲ್ಲ. ಹ್ರಸ್ವಕ್ಕೂ ದೀರ್ಘಕ್ಕೂ ಭೇದವಿಲ್ಲ. ಹಳ್ಳಿಯು ಗೋಡೆಯ ಮೇಲಿನ ಹಲ್ಲಿಯಾಗುತ್ತದೆ, ಕಾಳು ಕಾಲಾಗುತ್ತದೆ. ನರಸೀಪುರವು ತನ್ನ ದೀರ್ಘವನ್ನು ಕಳೆದುಕೊಳ್ಳುತ್ತದೆ. ನಂಜನಗೂಡಿನ ‘ಗೂಡು’ ಇಂಗ್ಲಿಷಿನ ಕಾಗುಣಿತದಲ್ಲಿ ಏನಾಗಿ ನಿಂತಿದೆಯೆಂಬುದನ್ನು ಮರಳಿ ಕನ್ನಡಕ್ಕೆ ಇಳಿಸಿ ನೋಡಿದರೆ, ಸಂಸ್ಕೃತ ಬಲ್ಲವರು ಮುಖ ಮುಚ್ಚಿಕೊಂಡು ನಗಬೇಕಾಗುತ್ತದೆ. ಓದುವವನು ಸಂದರ್ಭದಿಂದ ಅರ್ಥವನ್ನು ಊಹಿಸಿಕೊಳ್ಳುವನೆಂಬುದು ನಿಜ. ಆದರೆ ಬರೆದವನ ಕೈಯಿಂದ ಭೇದವು ಒಂದು ಬಾರಿ ಜಾರಿಹೋದರೆ, ಕ್ರಮೇಣ ಕಿವಿಯಿಂದಲೂ ನಾಲಗೆಯಿಂದಲೂ ಜಾರಿಹೋಗದೆ ಇರುವುದೇ? ನಾವು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪಾಠಶಾಲೆಯಲ್ಲಿ ಈ ಭೇದಗಳನ್ನೇ ಕಲಿಸುತ್ತ ಬಂದವರಾದ್ದರಿಂದ ಈ ವಿಷಯದಲ್ಲಿ ನಮ್ಮ ಕಳವಳವು ಸಹಜವಾದದ್ದು.

ಆದ್ದರಿಂದ, ಈ ಕಳವಳಕ್ಕೆ ಸಮಾಧಾನವನ್ನು ಕೊಟ್ಟ ಒಂದು ಚಿಕ್ಕ ಉಪಕರಣದ ವಿಷಯವನ್ನೂ, ಅದನ್ನು ಬಳಸಿದ ನಮ್ಮ ಕಡೆಯವರ ಅನುಭವವನ್ನೂ ವಾಚಕರ ಮುಂದೆ ಇಡಬೇಕೆಂದು ಬಯಸುತ್ತೇವೆ.

ಉಪಕರಣವು ಯಾವುದು

ಕನ್ನಡ ವಿಕಿಪೀಡಿಯವೆಂಬ ವಿಶ್ವಕೋಶವು ೨೦೦೩ನೆಯ ಇಸವಿಯ ಜೂನ್ ತಿಂಗಳಲ್ಲಿ ಅಂತರಜಾಲದಲ್ಲಿ ಆರಂಭವಾಯಿತು. ಇದರಲ್ಲಿ ಈಗ ೩೦,೦೦೦ಕ್ಕೂ ಮಿಗಿಲಾದ ಲೇಖನಗಳಿವೆ. ಇದಕ್ಕೆ ಸಂಬಳದ ಲೇಖಕರಿಲ್ಲ; ಓದುವವರೇ ಬರೆಯುವವರು, ಬರೆಯುವವರೇ ತಿದ್ದುವವರು. ಪ್ರತಿಯೊಂದು ಪುಟದ ಮೇಲೆಯೂ ‘ಸಂಪಾದಿಸಿ’ ಎಂಬ ಮಾತಿರುವುದು; ಅದನ್ನು ಒತ್ತಿದರೆ ಲೇಖನಫಲಕವು ತೆರೆದುಕೊಳ್ಳುವುದು. ಆದರೆ ಫಲಕವು ತೆರೆದರೇನು? ಕೈಯಲ್ಲಿರುವುದು ಇಂಗ್ಲಿಷಿನ ಕೀಲಿಮಣೆ. ಬಾಗಿಲು ತೆರೆದಿದ್ದರೂ ಹೊಸ್ತಿಲು ದಾಟಲಾಗದ ಸ್ಥಿತಿ.

ಈ ಹೊಸ್ತಿಲನ್ನು ದಾಟಿಸುವುದಕ್ಕಾಗಿ ವಿಕಿಪೀಡಿಯದ ಬಳಗದವರು ಮೊದಲು ಒಂದು ಸಾಧನವನ್ನು ಮಾಡಿಕೊಂಡಿದ್ದರು. ಅದರ ಹೆಸರು ‘ನಾರಾಯಂ’. ಇದು ಮಲಯಾಳದ ಮಾತು. ತಾಳೆಗರಿಯ ಮೇಲೆ ಬರೆಯುವ ಕಂಟವೆಂದೇ ಅರ್ಥ. ೨೦೧೨ರಲ್ಲಿ ವಿಕಿಮೀಡಿಯ ಸಂಸ್ಥೆಯ ಭಾಷಾವಿಭಾಗದವರು ಇದೇ ಕೆಲಸಕ್ಕೆ ‘ಜೆಕ್ವೆರಿ ಐ.ಎಂ.ಇ.’ ಎಂಬ ಹೊಸ ಉಪಕರಣಸಂಗ್ರಹವನ್ನು ರಚಿಸತೊಡಗಿದರು. ೨೦೧೩ರಲ್ಲಿ ಅದು ನಾರಾಯಮ್ಮಿನ ಸ್ಥಾನಕ್ಕೆ ಬಂದಿತು. ಅನೇಕ ಭಾಷೆಗಳಿಗೆ ಸಂಬಂಧಪಟ್ಟ ನೂರಕ್ಕೂ ಮಿಗಿಲಾದ ಕೀಲಿವಿನ್ಯಾಸಗಳು ಅದರಲ್ಲಿವೆ. ಯಾವ ಜಾಲತಾಣದವರಾದರೂ ಹಣವಿಲ್ಲದೆ ತಮ್ಮ ಲೇಖನಫಲಕಕ್ಕೆ ಇದನ್ನು ಜೋಡಿಸಿಕೊಳ್ಳಬಹುದು. ಬರೆಯುವವನು ತನ್ನ ಗಣಕದಲ್ಲಿ ಹೊಸದಾಗಿ ಏನನ್ನೂ ಸ್ಥಾಪಿಸಬೇಕಾಗಿಲ್ಲ. ಆದ್ದರಿಂದ ಗ್ರಂಥಾಲಯದ ಗಣಕದಲ್ಲಿಯೂ ನೆಂಟರ ಮನೆಯ ಗಣಕದಲ್ಲಿಯೂ ಇದು ಒಂದೇ ಸಮನಾಗಿ ದೊರೆಯುವುದು. ಸಂಗ್ರಹವೆಲ್ಲವೂ ಒಮ್ಮೆಗೇ ಬರುವುದೂ ಇಲ್ಲ. ಕನ್ನಡವನ್ನು ಆರಿಸಿಕೊಂಡವನಿಗೆ ಆ ವಿನ್ಯಾಸದ ಸೂತ್ರಗಳಷ್ಟೇ ಇಳಿದು ಬರುತ್ತವೆ.

ಸ್ಥಾನಿ ಮತ್ತು ಆದೇಶ

ಇದರ ಒಳಗಿನ ಕೆಲಸವು ವ್ಯಾಕರಣವನ್ನು ಓದಿದವರಿಗೆ ಬಲು ಹಿಡಿಸತಕ್ಕದ್ದು. ಅಲ್ಲಿ ದೊಡ್ಡ ನಿಘಂಟೇನೂ ಇಲ್ಲ. ಇರುವುದು ಸೂತ್ರಗಳ ಒಂದು ಪಟ್ಟಿ. ಒಂದು ಕೀಲಿಯನ್ನು ಒತ್ತಿದೊಡನೆ ಉಪಕರಣವು, ಅದಕ್ಕೆ ಹಿಂದೆ ಬರೆದ ಒಂದೆರಡು ಅಕ್ಷರಗಳನ್ನು ನೋಡಿ, ಹೊಸ ಕೀಲಿಯನ್ನು ಅವುಗಳಿಗೆ ಸೇರಿಸಿ, ಪಟ್ಟಿಯಲ್ಲಿ ಹೊಂದುವ ಸೂತ್ರವುಂಟೇ ಎಂದು ಹುಡುಕುತ್ತದೆ. ಉಂಟಾದರೆ ಹಳೆಯದನ್ನು ತೆಗೆದು ಹೊಸದನ್ನು ಇಡುತ್ತದೆ. ಇಲ್ಲವಾದರೆ ಒತ್ತಿದ್ದನ್ನು ಒತ್ತಿದಂತೆಯೇ ಬಿಡುತ್ತದೆ.

ಲಿಪ್ಯಂತರಣವೆಂಬ ವಿನ್ಯಾಸದಿಂದ ಒಂದು ಉದಾಹರಣೆಯನ್ನು ಕೊಡೋಣ. ‘ಕೆ’ ಎಂಬ ಇಂಗ್ಲಿಷ್ ಕೀಲಿಯನ್ನು ಒತ್ತಿದರೆ ‘ಕ್’ ಮೂಡುತ್ತದೆ. ಅದರ ಮುಂದೆ ‘ಎಚ್’ ಒತ್ತಿದರೆ ಅದೇ ‘ಕ್’ ಅಳಿದು ‘ಖ್’ ಆಗುತ್ತದೆ. ‘ಎ’ ಒತ್ತಿದರೆ ‘ಖ’. ಇನ್ನೊಂದು ‘ಎ’ ಒತ್ತಿದರೆ ‘ಖಾ’. ಅಳಿದುಹೋಗುವುದು ಸ್ಥಾನಿ, ಅದರ ಎಡೆಯಲ್ಲಿ ಬಂದು ಕುಳಿತುಕೊಳ್ಳುವುದು ಆದೇಶ. ಅಕಾರದ ಮುಂದೆ ಮತ್ತೊಂದು ಅಕಾರವು ಬಂದಾಗ ಎರಡೂ ಕೂಡಿ ಆಕಾರವಾಗುವುದು ಸವರ್ಣದೀರ್ಘವಲ್ಲದೆ ಮತ್ತೇನು? ಸೂತ್ರಗಳನ್ನು ಮೇಲಿನಿಂದ ಕೆಳಗೆ ನೋಡುತ್ತ ಮೊದಲು ಹೊಂದಿದುದನ್ನೇ ಪ್ರಯೋಗಿಸುವುದರಿಂದ, ವಿಶೇಷ ಸೂತ್ರವನ್ನು ಸಾಮಾನ್ಯ ಸೂತ್ರಕ್ಕಿಂತ ಮುಂಚೆ ಇಡಬೇಕಾಗುತ್ತದೆ. ಉತ್ಸರ್ಗಕ್ಕಿಂತ ಅಪವಾದವು ಬಲವುಳ್ಳದ್ದೆಂಬ ನಮ್ಮ ಶಾಸ್ತ್ರದ ನ್ಯಾಯವೇ ಇಲ್ಲಿಯೂ ನಡೆಯುತ್ತದೆ. ಪಾಣಿನಿಯ ಮಾರ್ಗವನ್ನು ಬಲ್ಲವರು ಈ ಪಟ್ಟಿಯನ್ನು ನೋಡಿದರೆ ಹಳೆಯ ಗೆಳೆಯನನ್ನು ಹೊಸ ಉಡುಪಿನಲ್ಲಿ ಕಂಡಂತಾಗುವುದು.

ಬಳಸಿದವರು ಹೇಳುವುದು

ನಂಜನಗೂಡಿನ ಮಗ್ಗುಲಲ್ಲಿ ಹರಿಯುವ ಕಪಿಲೆಯು ನರಸೀಪುರಕ್ಕೆ ಹೋಗಿ ಕಾವೇರಿಯನ್ನು ಕೂಡುತ್ತದೆ. ಈ ಎರಡು ಊರುಗಳಲ್ಲಿಯೂ ನಮಗೆ ಪರಿಚಿತರಾದ ಕೆಲವರು ಈ ಉಪಕರಣವನ್ನು ಬಳಸತೊಡಗಿದ್ದಾರೆ. ಅವರವರ ಅನುಭವವು ಒಂದೇ ಬಗೆಯಲ್ಲ.

ನರಸೀಪುರದ ಒಬ್ಬ ಗೃಹಿಣಿಯರು, ವಯಸ್ಸು ಐವತ್ತರ ಮೇಲೆ, ತಮ್ಮ ಊರಿನ ಗುಂಜಾ ನರಸಿಂಹಸ್ವಾಮಿಯ ವಿಷಯದಲ್ಲಿ ನಾಲ್ಕು ಸಾಲನ್ನು ಬರೆಯಬೇಕೆಂದು ಹೊರಟರು. ದೇವರ ಕೈಯಲ್ಲಿ ಗುಲಗಂಜಿಯಿರುವುದು, ಕಾಶಿಗಿಂತ ಈ ಕ್ಷೇತ್ರವು ಒಂದು ಗುಲಗಂಜಿಯ ತೂಕ ಹೆಚ್ಚೆಂದು ಜನರು ನಂಬಿರುವುದು — ಇವೇ ಅವರು ಬರೆಯಬೇಕೆಂದಿದ್ದ ಸಂಗತಿಗಳು. ಲಿಪ್ಯಂತರಣವನ್ನು ಆರಿಸಿಕೊಂಡು ಮೂರು ಸಂಜೆಗಳಲ್ಲಿ ಕೈಗೆ ಹತ್ತಿಸಿಕೊಂಡರು. ಮೊದಲನೆಯ ಸಂಜೆ ಅವರಿಗೆ ಬಂದ ಕಷ್ಟವೆಂದರೆ ಚಿಕ್ಕಕ್ಷರ, ದೊಡ್ಡಕ್ಷರಗಳದು. ಚಿಕ್ಕ ‘ಡಿ’ಗೆ ದಕಾರ, ದೊಡ್ಡ ‘ಡಿ’ಗೆ ಡಕಾರ, ಚಿಕ್ಕ ‘ಎಲ್’ಗೆ ಲಕಾರ, ದೊಡ್ಡದಕ್ಕೆ ಳಕಾರ. “ಇಷ್ಟು ದಿನ ಫೋನಿನಲ್ಲಿ ಬರೆಯುವಾಗ ಈ ಯೋಚನೆಯೇ ಇರಲಿಲ್ಲ, ಈಗ ಪ್ರತಿಯೊಂದು ಮಾತನ್ನೂ ಬಾಯಲ್ಲಿ ಅಂದು ನೋಡಿ ಬರೆಯಬೇಕಾಗಿದೆ” ಎಂದು ಅವರು ಹೇಳಿದರು. ಅವರು ಇದನ್ನು ದೂರೆಂದು ಹೇಳಿದರು. ನಾವು ಇದನ್ನು ಲಾಭವೆಂದು ಎಣಿಸಿದೆವು. ಕೀಲಿಮಣೆಯು ಅಕ್ಷರಭೇದವನ್ನು ಕೇಳಿ ಕೇಳಿ ಬರೆಯಿಸುವುದಾದರೆ ಅದಕ್ಕಿಂತ ಒಳ್ಳೆಯ ಉಪಾಧ್ಯಾಯರು ಯಾರು?

ನಂಜನಗೂಡಿನ ಮತ್ತೊಬ್ಬ ಮಿತ್ರರು ಕಚೇರಿಯಲ್ಲಿ ಗುಮಾಸ್ತರಾಗಿದ್ದು ವಿಶ್ರಾಂತಿಯನ್ನು ಪಡೆದವರು. ಕನ್ನಡದ ಬೆರಳಚ್ಚಿನ ಯಂತ್ರದಲ್ಲಿ ನುರಿತ ಕೈ. ಯಂತ್ರದಲ್ಲಿ ಒತ್ತಕ್ಷರ, ಗುಣಿತಚಿಹ್ನೆಗಳು ಆಕಾರದ ತುಂಡುಗಳಾಗಿರುತ್ತಿದ್ದುವು. ತುಂಡಿಗೆ ತುಂಡನ್ನು ಜೋಡಿಸಿ ಅಕ್ಷರವನ್ನು ಕಟ್ಟುತ್ತಿದ್ದರು. ಇಲ್ಲಿಯಾದರೋ ಧ್ವನಿಯನ್ನು ಒತ್ತಿದರೆ ಆಕಾರವು ತಾನಾಗಿ ಕೂಡಿಕೊಳ್ಳುವುದು. ಅರ್ಕಾವೊತ್ತು ಇದಕ್ಕೆ ಒಳ್ಳೆಯ ನಿದರ್ಶನ. ‘ಸೂರ್ಯ’ ಎಂದು ಬರೆಯುವಾಗ ಕಣ್ಣಿಗೆ ಯಕಾರವು ಮೊದಲು, ರಕಾರದ ಚಿಹ್ನೆಯು ಆಮೇಲೆ ಕಾಣುತ್ತದೆ. ಉಚ್ಚಾರದಲ್ಲಿ ರಕಾರವೇ ಮೊದಲು. ಇಲ್ಲಿ ಉಚ್ಚರಿಸಿದ ಕ್ರಮದಲ್ಲಿಯೇ ಒತ್ತಬೇಕು. ಚಿಹ್ನೆಯನ್ನು ಅದರ ಸ್ಥಾನದಲ್ಲಿಡುವ ಹೊಣೆ ಗಣಕದ್ದು. ಕಣ್ಣಿನ ಅಭ್ಯಾಸವನ್ನು ಬಿಟ್ಟು ಕಿವಿಯ ಅಭ್ಯಾಸವನ್ನು ಹಿಡಿಯಲು ಅವರಿಗೆ ಒಂದು ತಿಂಗಳು ಬೇಕಾಯಿತು. ಈಗ ಹಳೆಯ ಯಂತ್ರವನ್ನು ಅವರು ನೆನೆಯುವುದೂ ಇಲ್ಲ.

ಮೂರನೆಯವಳು ಸಂಸ್ಕೃತವನ್ನು ಓದುವ ಒಬ್ಬ ಕಾಲೇಜಿನ ವಿದ್ಯಾರ್ಥಿನಿ. ಆಕೆಯು ಆರಿಸಿಕೊಂಡದ್ದು ಇನ್‌ಸ್ಕ್ರಿಪ್ಟೆಂಬ ವಿನ್ಯಾಸ. ಇದನ್ನು ಭಾರತ ಸರ್ಕಾರವು ದೇಶದ ಲಿಪಿಗಳಿಗೆಲ್ಲ ಸಮಾನವಾಗಿರಲೆಂದು ಏರ್ಪಡಿಸಿತು; ಸ್ವರಗಳು ಬಹುಮಟ್ಟಿಗೆ ಎಡಗೈಗೆ, ವ್ಯಂಜನಗಳು ಬಲಗೈಗೆ. ದೇವನಾಗರಿಯ ಕಕಾರವು ಯಾವ ಕೀಲಿಯಲ್ಲಿದೆಯೋ ಕನ್ನಡದ ಕಕಾರವೂ ಅಲ್ಲಿಯೇ. ಕೀಲಿಗಳ ಮೇಲಿನ ಇಂಗ್ಲಿಷ್ ಅಕ್ಷರವನ್ನು ಪೂರ್ತಿಯಾಗಿ ಮರೆಯಬೇಕಾದ್ದರಿಂದ ಕಲಿಯುವುದು ಕಷ್ಟ. ಕಲಿತ ಮೇಲೆ ಎರಡು ಲಿಪಿಗಳಿಗೆ ಒಂದೇ ಅಭ್ಯಾಸ ಸಾಕು.

ವರ್ಣವೋ ಅಕ್ಷರವೋ

ನಮ್ಮ ಸ್ವಂತ ಬಳಕೆಗೆ ನಾವು ಒಪ್ಪಿಕೊಂಡದ್ದು ಕೆ. ಪಿ. ರಾಯರ ವಿನ್ಯಾಸವನ್ನು. ಕಿನ್ನಿಕಂಬಳ ಪದ್ಮನಾಭ ರಾಯರು ‘ಸೇಡಿಯಾಪು’ ಎಂಬ ಕನ್ನಡ ತಂತ್ರಾಂಶವನ್ನು ರಚಿಸಿ ಹಂಚಿದವರು. ಅವರು ರೂಪಿಸಿದ ಕೀಲಿಗಳ ಕ್ರಮವೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕರ್ನಾಟಕದ ಕಚೇರಿಗಳಿಗೆಲ್ಲ ಪರಿಚಿತವಾಗಿದೆ. ಲಿಪ್ಯಂತರಣಕ್ಕೂ ಇದಕ್ಕೂ ಇರುವ ಭೇದವು ತತ್ತ್ವದ ಭೇದವಾದ್ದರಿಂದ ಅದನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇವೆ.

ಲಿಪ್ಯಂತರಣವು ವರ್ಣಮೂಲವಾದದ್ದು. ಅಲ್ಲಿ ವ್ಯಂಜನವು ಮೊದಲು ಸ್ವರವಿಲ್ಲದೆ ಹುಟ್ಟುತ್ತದೆ. ‘ಕ್’ಗೆ ಅಕಾರವನ್ನು ನಾವೇ ಸೇರಿಸಿದರೆ ‘ಕ’. ರಾಯರ ವಿನ್ಯಾಸವು ಅಕ್ಷರಮೂಲವಾದದ್ದು. ಅಲ್ಲಿ ಒಂದು ಕೀಲಿಯನ್ನು ಒತ್ತಿದರೆ ಅಕಾರಸಹಿತವಾದ ‘ಕ’ವೇ ಬರುತ್ತದೆ, ಮಹಾಪ್ರಾಣಕ್ಕೆ ಅದೇ ಕೀಲಿಯ ದೊಡ್ಡಕ್ಷರ. ಸ್ವರವನ್ನು ತೆಗೆಯಬೇಕಾದಾಗ ‘ಎಫ್’ ಎಂಬ ಕೀಲಿಯುಂಟು. ಇದನ್ನು ಅರ್ಧಾಕ್ಷರದ ಕೊಂಡಿಯೆನ್ನಬಹುದು. ‘ಕ್ತ’ ಬೇಕಾದರೆ ಕಕಾರ, ಕೊಂಡಿ, ತಕಾರ. ಮೊದಲನೆಯದು ವ್ಯಾಕರಣವನ್ನು ಓದುವ ವಿದ್ಯಾರ್ಥಿಯ ದಾರಿ. ಎರಡನೆಯದು ಮರಳಿನ ಮೇಲೆ ಬೆರಳಿಟ್ಟು ಅಕ್ಷರವನ್ನು ತಿದ್ದಿದ ಮಗುವಿನ ದಾರಿ. ಅಕಾರವು ಅತ್ಯಂತ ಹೆಚ್ಚಾಗಿ ಬರುವ ಸ್ವರವಾದ್ದರಿಂದ ರಾಯರ ಕ್ರಮದಲ್ಲಿ ಒತ್ತುಗಳು ಗಣನೀಯವಾಗಿ ಉಳಿಯುತ್ತವೆ. ‘ಕಮಲ’ಕ್ಕೆ ಮೂರೇ ಒತ್ತು, ಲಿಪ್ಯಂತರಣದಲ್ಲಿ ಆರು.

ಇನ್ನೂ ಒಂದು ಗುಣವುಂಟು. ಗಣಕವು ಅಕ್ಷರಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದೂ ಹೀಗೆಯೇ. ‘ಕ್ತ’ವೆಂಬುದು ಅದಕ್ಕೆ ಒಂದು ಅಕ್ಷರವಲ್ಲ, ಕಕಾರ, ವಿರಾಮಚಿಹ್ನೆ, ತಕಾರಗಳೆಂಬ ಮೂರು ಸಂಕೇತಗಳು. ಆದ್ದರಿಂದ ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದಾಗ ಒತ್ತಕ್ಷರವೆಲ್ಲವೂ ಹೋಗದೆ ‘ಕ್’ ಉಳಿಯುವುದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ರಾಯರ ಕ್ರಮದಲ್ಲಿ ಒತ್ತಿದವರಿಗೆ ಬೆರಗಿಲ್ಲ. ಮೂರು ಒತ್ತಿದ್ದರು, ಒಂದು ಅಳಿಯಿತು, ಎರಡು ಉಳಿದುವು.

ಹೀಗಿದ್ದರೂ ಎಲ್ಲರಿಗೂ ಒಂದೇ ವಿನ್ಯಾಸವನ್ನು ಕಡ್ಡಾಯ ಮಾಡಬೇಕೆಂಬುದು ನಮ್ಮ ಮತವಲ್ಲ. ಅಪರೂಪಕ್ಕೆ ನಾಲ್ಕು ಸಾಲು ಬರೆಯುವವರಿಗೆ ಲಿಪ್ಯಂತರಣವೇ ಸಾಕು. ದಿನವೂ ಬರೆಯುವವರು ರಾಯರ ಕ್ರಮವನ್ನು ಕಲಿತರೆ ಶ್ರಮವು ವ್ಯರ್ಥವಾಗದು.

ಕೆಲವು ತೊಡಕುಗಳು

ಗುಣವನ್ನು ಹೇಳಿ ದೋಷವನ್ನು ಮರೆಸುವುದು ನ್ಯಾಯವಲ್ಲ. ಒತ್ತಿದ್ದರ ಹಿಂದಿನದನ್ನು ತೆಗೆದು ಹೊಸದನ್ನಿಡುವ ಈ ಕ್ರಮವು ಸಾದಾ ಫಲಕದಲ್ಲಿ ಸುಗಮ. ಬಣ್ಣ, ದಪ್ಪಕ್ಷರ, ಚಿತ್ರಗಳೊಡನೆ ಪುಟವು ಕಾಣುವಂತೆಯೇ ತಿದ್ದುವ ಫಲಕಗಳಲ್ಲಿ ಅಷ್ಟು ಸುಗಮವಲ್ಲ. ಅಲ್ಲಿ ಫಲಕಕ್ಕೂ ಒಂದು ಲೆಕ್ಕ, ಉಪಕರಣಕ್ಕೂ ಒಂದು ಲೆಕ್ಕ. ಎರಡೂ ಹೊಂದದಿದ್ದರೆ ಬರೆಯುವವನು ನಡುವೆ ಸಿಕ್ಕಿಕೊಳ್ಳುವನು. ಇಂಥದೇ ಉಪಕರಣವನ್ನು ಜೋಡಿಸಿಕೊಂಡಿದ್ದ ಬೇರೊಂದು ತಾಣದಲ್ಲಿ ನಾವು ಬರೆಯುತ್ತಿದ್ದಾಗ, ಬರೆಯುವ ಗೆರೆಯು ಆಗಾಗ ಸಾಲಿನ ಆರಂಭಕ್ಕೆ ಹಾರಿ, ಮಾತಿನ ಬಾಲವು ತಲೆಗೆ ಬಂದು ನಿಲ್ಲುತ್ತಿತ್ತು. ಉದ್ದವಾದ ಬರಹವನ್ನು ಮೊದಲು ಸಾದಾ ಫಲಕದಲ್ಲಿ ಬರೆದು ಆಮೇಲೆ ಅಲಂಕರಿಸುವುದು ಜಾಣತನ.

ಕನ್ನಡಕ್ಕೂ ಇಂಗ್ಲಿಷಿಗೂ ಹಾರಿ ಬರುವುದಕ್ಕೆ ‘ಕಂಟ್ರೋಲ್’ ಮತ್ತು ‘ಎಂ’ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಕೆಲವು ಜಾಲದರ್ಶಕಗಳಲ್ಲಿ ಅದೇ ಜೋಡಿಗೆ ಬೇರೆ ಕೆಲಸವನ್ನೂ ಕೊಟ್ಟಿರುವುದುಂಟು. ಆಗ ಫಲಕದ ಮೂಲೆಯ ಗುರುತನ್ನೇ ಒತ್ತಬೇಕು. ಕೈಫೋನಿನವರಿಗೆ ಇದರ ಹಂಗಿಲ್ಲ. ಅಲ್ಲಿ ಫೋನಿನದೇ ಕನ್ನಡ ಕೀಲಿಮಣೆಯುಂಟು.

ಇನ್ನೊಂದು ತೊಡಕು ಪರಭಾಷೆಯ ಮಾತುಗಳದು. ‘ಬಸ್’ ಎಂಬುದರ ಮುಂದೆ ‘ನಲ್ಲಿ’ ಎಂದು ಒತ್ತಿದರೆ ಸಕಾರಕ್ಕೆ ನಕಾರದ ಒತ್ತು ಬಿದ್ದು ‘ಬಸ್ನಲ್ಲಿ’ ಎಂದಾಗುತ್ತದೆ. ಇವೆರಡನ್ನೂ ಬಿಡಿಸಿಡಲು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ನಡುವೆ ಸೇರಿಸಬೇಕು. ಬಹುಜನರು ಇದನ್ನು ಅರಿಯದೆ ಉಪಕರಣವನ್ನು ದೂರುತ್ತಾರೆ. ಆದರೆ ನಮ್ಮ ಹಿರಿಯರು ಈ ತೊಡಕಿಗೆ ಗಣಕವು ಹುಟ್ಟುವುದಕ್ಕೆ ಮುಂಚೆಯೇ ಪರಿಹಾರವನ್ನು ಕಂಡಿದ್ದರು. ವ್ಯಂಜನದಲ್ಲಿ ಮುಗಿಯುವ ಮಾತನ್ನು ಕನ್ನಡದ ನಾಲಗೆಯು ಒಲ್ಲದು. ಅದು ಬಸ್ಸು, ಬ್ಯಾಂಕು, ರೈಲು ಎಂದು ಸ್ವರವನ್ನು ಕೂಡಿಸಿಕೊಂಡೇ ಆಡುವುದು. ‘ಬಸ್ಸಿನಲ್ಲಿ’, ‘ಬ್ಯಾಂಕಿನಲ್ಲಿ’ ಎಂದು ಬರೆಯಿರಿ. ಕಾಣದ ಚಿಹ್ನೆಯ ಹಂಗೇ ಇರುವುದಿಲ್ಲ.

ಹೆಸರು ತಪ್ಪಿದ ಒಂದು ಅಕ್ಷರ

ನಮ್ಮ ಎರಡು ತಾಲ್ಲೂಕುಗಳ ಶಾಸನಗಳನ್ನು ರೈಸ್ ಸಾಹೇಬರು ‘ಎಪಿಗ್ರಾಫಿಯ ಕರ್ನಾಟಿಕ’ದ ೩ನೆಯ ಸಂಪುಟದಲ್ಲಿ ೧೮೯೪ರಲ್ಲಿ ಅಚ್ಚು ಹಾಕಿಸಿದರು. ಆ ಶಾಸನಗಳ ಒಂದೆರಡು ಸಾಲನ್ನು ಜಾಲದಲ್ಲಿ ಬರೆಯಬೇಕಾದರೆ ಈಗಿನ ವರ್ಣಮಾಲೆಯಿಂದ ಬಿಟ್ಟುಹೋದ ಱ, ೞ ಎಂಬ ಅಕ್ಷರಗಳು ಬೇಕು. ಈಗಿನ ‘ಏಳು’ ಎಂಬುದು ಹಳಗನ್ನಡದಲ್ಲಿ ‘ಏೞು’. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಯನ್ನೂ ಹೆಸರನ್ನೂ ಕೊಡುವ ಯೂನಿಕೋಡೆಂಬ ವ್ಯವಸ್ಥೆಯು ಎರಡಕ್ಕೂ ಸ್ಥಾನವನ್ನು ಕೊಟ್ಟಿದೆ. ಆದರೆ ೞಕಾರಕ್ಕೆ ಅವರು ಇಟ್ಟ ಹೆಸರು ‘ಫ’ ಎಂದು! ಇದು ತಪ್ಪೆಂದು ಆಮೇಲೆ ಅವರಿಗೇ ತಿಳಿಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಅವರ ನಿಯಮವಾದ್ದರಿಂದ, ತಪ್ಪು ಹೆಸರನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಸರಿಯಾದುದನ್ನು ತಿದ್ದುಪಡಿಯ ಹೆಸರಾಗಿ ಪ್ರಕಟಿಸಿದ್ದಾರೆ. ಸಾವಿರ ವರ್ಷಗಳ ಹಿಂದೆ ಕಲ್ಲಿನಲ್ಲಿ ನಿಂತ ಅಕ್ಷರವು ಹೊಸ ಲೋಕದ ದಾಖಲೆಯಲ್ಲಿ ಅನ್ಯನಾಮದಿಂದ ನಿಂತಿದೆ.

ಈ ಸಂಗತಿಯನ್ನು ನಗುವುದಕ್ಕಾಗಿ ಹೇಳಲಿಲ್ಲ. ಬಲ್ಲವರು ಸಕಾಲದಲ್ಲಿ ಹತ್ತಿರದಲ್ಲಿರದಿದ್ದರೆ ತಪ್ಪು ನಿಂತುಬಿಡುತ್ತದೆ. ಆಮೇಲೆ ತಿದ್ದುವುದು ಪಕ್ಕದಲ್ಲಿಯೇ ಹೊರತು ಮೂಲದಲ್ಲಿ ಅಲ್ಲ. ವಿಶ್ವಕೋಶದ ಪುಟಗಳ ಪಾಡು ಇದಕ್ಕಿಂತ ಎಷ್ಟೋ ಮೇಲು. ಅಲ್ಲಿ ಮೂಲವನ್ನೇ ತಿದ್ದಬಹುದು. ಆದರೆ ತಿದ್ದುವವರು ಬೇಕು. ನಮ್ಮ ಊರಿನ ರಸಬಾಳೆಯ ವಿಷಯವನ್ನು, ನಮ್ಮ ಹೊಳೆಯ ಸೇತುವೆಯ ವಿಷಯವನ್ನು, ನಮ್ಮ ಜಾತ್ರೆಯ ತೇರಿನ ವಿಷಯವನ್ನು ನಾವು ಬರೆಯದಿದ್ದರೆ, ಅವುಗಳನ್ನು ನೋಡದವರು ಎಲ್ಲಿಯೋ ಕುಳಿತು ಬರೆಯುವರು.

ಗೃಹಸ್ಥರಿಗೆ ಒಂದು ಸೂಚನೆ

ಇದಕ್ಕೆ ಬೇಕಾದ ಸಿದ್ಧತೆಯು ಅತ್ಯಲ್ಪ. ಮನೆಯ ಗಣಕದಲ್ಲಿ ಕನ್ನಡ ವಿಕಿಪೀಡಿಯದ ಯಾವುದಾದರೊಂದು ಪುಟವನ್ನು ತೆರೆದು, ಬರೆಯುವ ಫಲಕದ ಒಳಗೆ ಒಮ್ಮೆ ಒತ್ತಿರಿ. ಮೂಲೆಯಲ್ಲಿ ಕೀಲಿಮಣೆಯ ಗುರುತು ಕಾಣಿಸುವುದು. ಅದರಲ್ಲಿ ಕನ್ನಡವನ್ನೂ, ಕನ್ನಡದಲ್ಲಿ ತಮಗೆ ಒಪ್ಪುವ ವಿನ್ಯಾಸವನ್ನೂ ಆರಿಸಿರಿ. ಮೊದಲ ವಾರ ನಿಮ್ಮ ಹೆಸರು, ಮನೆಯವರ ಹೆಸರು, ಸುತ್ತಣ ಹಳ್ಳಿಗಳ ಹೆಸರು ಇಷ್ಟನ್ನೇ ಬರೆದು ಅಳಿಸುತ್ತ ಕೈಯನ್ನು ಪಳಗಿಸಿರಿ. ‘ಪ್ರಕಟಿಸು’ ಎಂಬುದನ್ನು ಒತ್ತದಿದ್ದರೆ ಯಾವುದೂ ಲೋಕಕ್ಕೆ ಹೋಗುವುದಿಲ್ಲ. ಎರಡನೆಯ ವಾರ ಒಂದು ಪುಟದಲ್ಲಿ ಒಂದು ಅಕ್ಷರದೋಷವನ್ನು ತಿದ್ದಿ ಪ್ರಕಟಿಸಿರಿ. ಹಿಂದಿನ ರೂಪಗಳೆಲ್ಲವೂ ಪುಟದ ಇತಿಹಾಸದಲ್ಲಿ ಉಳಿದಿರುವುದರಿಂದ ಹೆದರಬೇಕಾದ್ದಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಕೀಲಿಗಳ ಮರ್ಮವನ್ನು ಅವರು ನಿಮಗಿಂತ ಬೇಗನೆ ಹಿಡಿಯುವರು. ಳಕಾರವೆಲ್ಲಿ, ಣಕಾರವೆಲ್ಲಿ, ಮಹಾಪ್ರಾಣವೆಲ್ಲಿ ಎಂಬುದನ್ನು ನೀವು ಅವರಿಗೆ ಹೇಳಿಕೊಡುವಿರಿ. ಅಜ್ಜನು ಅಕ್ಷರವನ್ನೂ ಮೊಮ್ಮಗಳು ಕೀಲಿಯನ್ನೂ ಕಲಿಸುವ ಪಾಠಶಾಲೆಯು ಯಾವ ಮನೆಯ ಜಗಲಿಯಲ್ಲಿಯಾದರೂ ನಡೆಯಬಹುದು. ಅದಕ್ಕೆ ಸಂಜೆಯ ಅರ್ಧ ಗಂಟೆ ಸಾಕು.